ಫ್ಲ್ಯಾಶ್ ಗಾರ್ಡನ್: ಅರ್ಧ ಜನ ಬಿದ್ದು ಬಿದ್ದು ನಗ್ತಾರೆ, ಅರ್ಧ ಜನ ಎದ್ದು ಹೋಗ್ತಾರೆ

[ತೆರೆಯ ಮೇಲೆ: ಕೆಂಪು ಆಕಾಶ, ಚಿನ್ನದ ಬಣ್ಣದ ಮೋಡ. ಹಾರುವ ಯಂತ್ರವೊಂದು ಬ್ಯಾನರ್ ಎಳೆದುಕೊಂಡು ಹೋಗುತ್ತಿದೆ.]

ಚಕ್ರವರ್ತಿಯ ಮದುವೆ. ಆಕಾಶದಲ್ಲಿ ಒಂದು ಬ್ಯಾನರ್ ತೇಲುತ್ತಾ ಬರುತ್ತದೆ. ಸಮಸ್ತ ಜೀವಿಗಳೂ ಸಂಭ್ರಮಿಸತಕ್ಕದ್ದು ಅನ್ನೋ ಅರ್ಥದ ಸಾಲು. ಅದರ ಹಿಂದೆಯೇ ಇನ್ನೊಂದು ಬ್ಯಾನರ್: ತಪ್ಪಿದಲ್ಲಿ ಮರಣದಂಡನೆ.

ಇದನ್ನು ಕೇಳಿ ನಿಮಗೆ ಫಕ್ಕನೆ ನಗು ಬಂದರೆ ನೀವು ಒಂದು ಪಕ್ಷ. "ಇಷ್ಟು ದುಡ್ಡು ಸುರಿದು ಇಂಥದ್ದು ಮಾಡೋದಾ" ಅನ್ನಿಸಿದರೆ ಇನ್ನೊಂದು ಪಕ್ಷ. ಈ ಎರಡು ಪಕ್ಷಗಳ ಜಗಳ 1980ರಿಂದ ನಡೆಯುತ್ತಲೇ ಇದೆ. ನಮ್ಮ ಮನೆಯಲ್ಲೂ ನಡೆಯಿತು. ನಾನು ಸೋಫಾದಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಮ್ಮ ಭಾವ ಇಪ್ಪತ್ತನೇ ನಿಮಿಷಕ್ಕೆ ಟೀ ಮಾಡಲು ಎದ್ದು ಹೋದವರು ವಾಪಸ್ ಬರಲೇ ಇಲ್ಲ.

[ಶೀರ್ಷಿಕೆ. ಹಿನ್ನೆಲೆಯಲ್ಲಿ ಡ್ರಮ್ಮಿನ ಒಂದೇ ಸಮನಾದ ಬಡಿತ.]

ಸಿನಿಮಾದ ಹೆಸರು ಫ್ಲ್ಯಾಶ್ ಗಾರ್ಡನ್. ನಿರ್ದೇಶಕ ಮೈಕ್ ಹಾಜಸ್. ನಿರ್ಮಾಪಕ ಇಟಲಿಯ ಡೀನೋ ಡಿ ಲಾರೆಂಟಿಸ್. ಕಥೆ ಹೇಳಿಬಿಡ್ತೀನಿ, ಜಾಸ್ತಿ ಹೊತ್ತು ಬೇಡ. ಫ್ಲ್ಯಾಶ್ ಒಬ್ಬ ಫುಟ್‌ಬಾಲ್ ಆಟಗಾರ. ಅಮೆರಿಕದ ಫುಟ್‌ಬಾಲ್, ಕೈಯಲ್ಲೇ ಜಾಸ್ತಿ ಆಡುವಂಥದ್ದು. ಅವನು, ಡೇಲ್ ಎಂಬ ಹುಡುಗಿ, ಝಾರ್ಕೋವ್ ಎಂಬ ಅರೆಹುಚ್ಚು ವಿಜ್ಞಾನಿ, ಮೂವರೂ ರಾಕೆಟ್ ಹತ್ತಿ ಮೊಂಗೋ ಎಂಬ ಗ್ರಹಕ್ಕೆ ಹೋಗಿ ಬೀಳುತ್ತಾರೆ. ಅಲ್ಲಿಯ ಚಕ್ರವರ್ತಿ ಮಿಂಗ್ ಭೂಮಿಯನ್ನು ನಾಶ ಮಾಡಲು ಹೊರಟಿದ್ದಾನೆ. ತಡೆಯಬೇಕು. ಇಷ್ಟೇ.

ಫ್ಲ್ಯಾಶ್ ಹಾಕಿಕೊಂಡಿರುವ ಬಿಳಿ ಟೀ ಶರ್ಟ್ ನೋಡಿ. ಎದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅವನದೇ ಹೆಸರು. ಎಲ್ಲಾದರೂ ಮರೆತುಬಿಟ್ಟರೆ ಅಂತ ಇರಬೇಕು.

ಈ ಥರದ ಸಿನಿಮಾಕ್ಕೆ ಇಂಗ್ಲಿಷಿನಲ್ಲಿ "ಕ್ಯಾಂಪ್" ಅಂತಾರೆ. ಎನ್‌ಸಿಸಿ ಕ್ಯಾಂಪ್ ಅಲ್ಲ, ಕಣ್ಣಿನ ತಪಾಸಣೆಯ ಕ್ಯಾಂಪೂ ಅಲ್ಲ. ಎಲ್ಲವೂ ಅಳತೆ ಮೀರಿದ್ದು. ಬಟ್ಟೆ ಅತಿ, ಬಣ್ಣ ಅತಿ, ಮಾತು ಅತಿ, ಮತ್ತು ಆ ಅತಿಯೇ ಅದರ ರುಚಿ. 1964ರಲ್ಲಿ ಸೂಸನ್ ಸಾಂಟಾಗ್ ಎಂಬ ಅಮೆರಿಕದ ಲೇಖಕಿ ಇದರ ಮೇಲೆ ಒಂದು ಪ್ರಬಂಧ ಬರೆದರು. ಅದರಲ್ಲಿ ಇವತ್ತು ನಮಗೆ ಬೇಕಾದ ಒಂದು ಮಾತಿದೆ. ಕ್ಯಾಂಪ್‌ನಲ್ಲಿ ಎರಡು ಥರ. ಒಂದು, ಗೊತ್ತಿಲ್ಲದೆ ಆಗಿದ್ದು. ಇನ್ನೊಂದು, ಬೇಕು ಅಂತಲೇ ಮಾಡಿದ್ದು. ಸಾಂಟಾಗ್ ಅವರಿಗೆ ಮೊದಲನೆಯದೇ ಅಪ್ಪಟ. ಬೇಕು ಅಂತ ಮಾಡಿದ್ದರಲ್ಲಿ ಅಷ್ಟು ಮಜಾ ಇರೋದಿಲ್ಲ ಅನ್ನೋದು ಅವರ ಅಭಿಪ್ರಾಯ.

ಗೊತ್ತಿಲ್ಲದೆ ಆಗೋದು ಅಂದರೆ ಹೇಗೆ? 1950ರ ದಶಕದ "ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್" ನೋಡಿ. ನಿರ್ದೇಶಕ ಎಡ್ ವುಡ್. ಅದರ ನಟ ಬೇಲಾ ಲುಗೋಸಿ 1956ರಲ್ಲೇ ತೀರಿಕೊಂಡರು. ಕೈಯಲ್ಲಿ ಅವರ ಸ್ವಲ್ಪವೇ ಫೂಟೇಜ್ ಇತ್ತು. ಮಿಕ್ಕಿದ್ದಕ್ಕೆ ಅವರಿಗಿಂತ ಎತ್ತರದ ಇನ್ನೊಬ್ಬರನ್ನು ತಂದು, ಮುಖಕ್ಕೆ ನಿಲುವಂಗಿಯ ಅಂಚು ಅಡ್ಡ ಹಿಡಿಸಿ ಓಡಾಡಿಸಿದರು. ವುಡ್ ಮಾಡುತ್ತಿದ್ದದ್ದು ತಮಾಷೆಯಲ್ಲ. ಪಾಪ, ಮನಸಿಟ್ಟು ಸಿನಿಮಾ ಮಾಡುತ್ತಿದ್ದರು. ನಗು ಬರೋದು ಅದಕ್ಕೇ.

ಹಾಗಾದರೆ ಫ್ಲ್ಯಾಶ್ ಗಾರ್ಡನ್ ಯಾವ ಥರದ್ದು? ಜಗಳ ಇರುವುದೇ ಇಲ್ಲಿ.

[ತೆರೆಯ ಮೇಲೆ: ಹಳೆಯ ಕಾಮಿಕ್ಸ್ ಪುಟದಂಥ ಚೌಕಗಳು, ರಾಕೆಟ್ಟಿನ ರೇಖಾಚಿತ್ರ.]

ಸ್ವಲ್ಪ ಹಿಂದೆ ಹೋಗೋಣ. ಫ್ಲ್ಯಾಶ್ ಗಾರ್ಡನ್ ಹುಟ್ಟಿದ್ದು 1934ರ ಜನವರಿಯಲ್ಲಿ, ಅಮೆರಿಕದ ಪತ್ರಿಕೆಗಳ ಭಾನುವಾರದ ಪುಟದಲ್ಲಿ. ಚಿತ್ರ ಬರೆದವರು ಅಲೆಕ್ಸ್ ರೇಮಂಡ್. ನಮ್ಮಲ್ಲಿ ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಫ್ಯಾಂಟಮ್, ಮಾಂಡ್ರೇಕ್ ಜೊತೆಗೆ ಈ ಫ್ಲ್ಯಾಶ್ ಗಾರ್ಡನ್ ಕೂಡ ನೆನಪಿರಬಹುದು. 1936ರಲ್ಲಿ ಇದು 13 ಕಂತುಗಳ ಧಾರಾವಾಹಿ ಚಿತ್ರವಾಯಿತು. ವಾರಕ್ಕೊಂದು ಕಂತು, ಥಿಯೇಟರಿನಲ್ಲೇ. ಬಸ್ಟರ್ ಕ್ರ್ಯಾಬ್ ನಾಯಕ.

ಅಂಥ ಧಾರಾವಾಹಿಗಳನ್ನು ನೋಡುತ್ತಾ ಬೆಳೆದವರಲ್ಲಿ ಜಾರ್ಜ್ ಲೂಕಾಸ್ ಒಬ್ಬರು. 1970ರ ದಶಕದಲ್ಲಿ ಅವರು ಫ್ಲ್ಯಾಶ್ ಗಾರ್ಡನ್ ಸಿನಿಮಾ ಮಾಡಬೇಕು ಅಂತ ಹಕ್ಕು ಕೇಳಿದರು. ಸಿಗಲಿಲ್ಲ. ಸರಿ, ನನ್ನದೇ ಒಂದು ಕಥೆ ಕಟ್ಟುತ್ತೇನೆ ಅಂತ ಹೊರಟರು. 1977ರಲ್ಲಿ ಬಂದದ್ದು ಸ್ಟಾರ್ ವಾರ್ಸ್.

ಈಗ 1980ರ ಪ್ರೇಕ್ಷಕನ ಜಾಗದಲ್ಲಿ ಕುಳಿತುಕೊಳ್ಳಿ. ಮೇ ತಿಂಗಳಲ್ಲಿ ಸ್ಟಾರ್ ವಾರ್ಸ್‌ನ ಎರಡನೇ ಚಿತ್ರ ನೋಡಿದ್ದೀರಿ. ಮಂಜಿನ ಮೇಲೆ ನಡೆಯುವ ಯಂತ್ರಗಳು, ಸವೆದು ಕೊಳಕಾದ ನಿಜವಾದಂಥ ಹಡಗುಗಳು, ಅಪ್ಪ ಮಗನ ಆ ಒಂದು ಕ್ಷಣ. ಡಿಸೆಂಬರಿನಲ್ಲಿ ಫ್ಲ್ಯಾಶ್ ಗಾರ್ಡನ್‌ಗೆ ಹೋಗುತ್ತೀರಿ. ಅಲ್ಲಿ ಚಿನ್ನದ ಜರಿ, ರೆಕ್ಕೆ ಕಟ್ಟಿಕೊಂಡ ಗಡ್ಡದ ಗಂಡಸರು, ನೀರಿನಲ್ಲಿ ಬಣ್ಣ ಕದಡಿದ ಹಾಗಿರುವ ಆಕಾಶ. ಹಾಗಿರುವ ಏನು, ಅದನ್ನು ಮಾಡಿದ್ದೇ ನೀರಿನ ತೊಟ್ಟಿಯಲ್ಲಿ ಬಣ್ಣ ಬಿಟ್ಟು. "ಇದು ಸ್ಟಾರ್ ವಾರ್ಸ್‌ನ ಅಗ್ಗದ ನಕಲು" ಅಂತ ಎಷ್ಟೋ ಜನ ಅಂದುಕೊಂಡರು. ಮೊಮ್ಮಗನನ್ನು ಮೊದಲು ನೋಡಿ, ಆಮೇಲೆ ಅಜ್ಜ ಬಂದಾಗ "ಇವನು ಅವನನ್ನು ಕಾಪಿ ಹೊಡೆದಿದ್ದಾನೆ" ಅಂದ ಹಾಗೆ.

ಅಗ್ಗ ಅನ್ನೋದಂತೂ ಸುಳ್ಳು. ಖರ್ಚಾಗಿದ್ದು ಎರಡು ಕೋಟಿ ಡಾಲರ್‌ಗೂ ಜಾಸ್ತಿ. ಸೆಟ್ಟು, ಬಟ್ಟೆ ಎರಡೂ ಡನೀಲೋ ಡೊನಾಟಿ ಅವರದು, ಇಟಲಿಯ ದೊಡ್ಡ ನಿರ್ದೇಶಕ ಫೆಲಿನಿ ಅವರ ಸಿನಿಮಾಗಳಿಗೆ ಕೆಲಸ ಮಾಡಿ ಆಸ್ಕರ್ ಗೆದ್ದವರು. ಕ್ಯಾಮೆರಾ ಗಿಲ್ಬರ್ಟ್ ಟೇಲರ್ ಅವರದು. ಯಾರು ಇವರು? ಮೊದಲ ಸ್ಟಾರ್ ವಾರ್ಸ್‌ಗೆ ಕ್ಯಾಮೆರಾ ಹಿಡಿದವರೇ! ಅಂದರೆ ಈ ಸಿನಿಮಾ ಹೀಗೆ ಕಾಣುವುದು ಕೈಲಾಗದೆ ಅಲ್ಲ.

[ತೆರೆಯ ಮೇಲೆ: ಮಿಂಗ್‌ನ ದರ್ಬಾರು.]

ಒಂದು ದೃಶ್ಯ ಹತ್ತಿರದಿಂದ ನೋಡೋಣ. ಮಿಂಗ್‌ನ ಆಸ್ಥಾನ. ಫ್ಲ್ಯಾಶ್ ಒಬ್ಬನೇ, ಸುತ್ತ ಕೆಂಪು ಬಟ್ಟೆಯ ಕಾವಲುಗಾರರು. ಕೈಗೆ ಮೊಟ್ಟೆಯಾಕಾರದ ಒಂದು ಲೋಹದ ಗುಂಡು ಸಿಗುತ್ತದೆ. ಅದನ್ನು ಕಂಕುಳಲ್ಲಿ ಅವುಚಿಕೊಂಡು, ಬಗ್ಗಿ, ಕಾವಲುಗಾರರ ಸಾಲಿಗೆ ನುಗ್ಗುತ್ತಾನೆ. ಫುಟ್‌ಬಾಲ್ ಮ್ಯಾಚ್ ಶುರು. ಡೇಲ್ ಪಕ್ಕದಲ್ಲಿ ಕುಣಿದು ಕುಪ್ಪಳಿಸಿ ಚಿಯರ್ ಮಾಡುತ್ತಾಳೆ. ಸಾಮ್ರಾಜ್ಯದ ಪಡೆ ದಬದಬ ಬೀಳುತ್ತದೆ. ಕೊನೆಗೆ ನಮ್ಮ ವಿಜ್ಞಾನಿ ಝಾರ್ಕೋವ್ ಸಹಾಯ ಮಾಡಲು ಒಂದು ಗುಂಡು ಎಸೆಯುತ್ತಾನೆ. ಅದು ನೇರ ಫ್ಲ್ಯಾಶ್ ತಲೆಗೇ ಬಡಿದು ಅವನು ಮೂರ್ಛೆ.

ಇಷ್ಟೂ ಹೊತ್ತು ಮಿಂಗ್ ಮುಖ ಗಮನಿಸಿ. ಆ ಪಾತ್ರ ಮಾಡಿದವರು ಮ್ಯಾಕ್ಸ್ ವಾನ್ ಸಿಡೋ. ಸ್ವೀಡನ್ನಿನ ದೊಡ್ಡ ನಟ. ಇಂಗ್ಮಾರ್ ಬರ್ಗ್‌ಮನ್ ಸಿನಿಮಾದಲ್ಲಿ ಸಾವಿನ ಜೊತೆ ಚದುರಂಗ ಆಡಿದ ಮನುಷ್ಯ. ಇಲ್ಲಿ ಬೋಳು ತಲೆ, ಭಾರದ ಕೆಂಪು ನಿಲುವಂಗಿ. ಮುಖದಲ್ಲಿ ನಗುವಿನ ಒಂದು ಗೆರೆ ಇಲ್ಲ. ಕಾವಲುಗಾರರು ಬೀಳುವುದನ್ನು ನೋಡಿ, ಇವರಿಗೆ ಸರಿಯಾದ ಮಾತ್ರೆ ಕೊಡ್ತಿದ್ದೀಯಾ, ಇವರ ತರಬೇತುದಾರನಿಗೆ ಮರಣದಂಡನೆ ಕೊಟ್ಟರೆ ಹೇಗೆ ಅನ್ನೋ ಧಾಟಿಯಲ್ಲಿ ಮಂತ್ರಿಯನ್ನು ಕೇಳುತ್ತಾನೆ. ಬೇಸರದ ದನಿಯಲ್ಲಿ. ಸಿಡೋ ಇಲ್ಲಿ ಕಣ್ಣು ಮಿಟುಕಿಸಿದ್ದರೆ ಎಲ್ಲ ಕೆಟ್ಟುಹೋಗುತ್ತಿತ್ತು ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ತುದಿಯಲ್ಲಿ ಬ್ರಯನ್ ಬ್ಲೆಸೆಡ್. ರೆಕ್ಕೆಯ ಜನರ ದೊರೆ ವಲ್ಟನ್. ಚರ್ಮದ ಚಡ್ಡಿ, ಬೆನ್ನಿಗೆ ರೆಕ್ಕೆ, ಗಂಟಲು ಹರಿಯುವ ಹಾಗೆ ಅಟ್ಟಹಾಸ. ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬರುವಾಗ ಆರ್ಭಟ ಕೊಡುತ್ತಲ್ಲ, ಹಾಗೆ. "ಗಾರ್ಡನ್ ಬದುಕಿದ್ದಾನಾ!" ಅಂತ ಆತ ಕೂಗುವ ಒಂದು ಮಾತನ್ನು ಬ್ರಿಟನ್ನಿನ ಜನ ಬ್ಲೆಸೆಡ್ ಅವರಿಂದ ಮತ್ತೆ ಮತ್ತೆ ಹೇಳಿಸಿದ್ದಾರೆ.

ಇವರಿಬ್ಬರ ನಡುವೆ ನಾಯಕ ಸ್ಯಾಮ್ ಜೆ. ಜೋನ್ಸ್. ಆತ ಪಾತ್ರವನ್ನು ನಂಬಿಕೊಂಡು ಮಾಡಿದ್ದಾರೆ. ಆದರೆ ಚಿತ್ರೀಕರಣದ ಕೊನೆಯಲ್ಲಿ ನಿರ್ಮಾಪಕರ ಜೊತೆ ಮನಸ್ತಾಪವಾಗಿ ಹೊರಟುಹೋದರು. ಹಾಗಾಗಿ ಅವರ ಮಾತುಗಳಲ್ಲಿ ಬಹಳಷ್ಟಕ್ಕೆ ಬೇರೊಬ್ಬ ನಟನ ಕಂಠದಾನ. ಮುಖ ಒಬ್ಬರದು, ದನಿ ಇನ್ನೊಬ್ಬರದು. ಫ್ಲ್ಯಾಶ್ ಸ್ವಲ್ಪ ಬೊಂಬೆಯಂತೆ ಕಾಣಿಸುತ್ತಾನೆ ಅನ್ನೋ ದೂರಿಗೆ ಇದೂ ಒಂದು ಕಾರಣ. ವರ್ಷದ ಕೆಟ್ಟ ಸಿನಿಮಾಗಳಿಗೆ ಕೊಡುವ ರಾಝಿ ಪ್ರಶಸ್ತಿಗಳ ಮೊದಲ ವರ್ಷವೇ ಅವರನ್ನು ಕೆಟ್ಟ ನಟ ಅಂತ ನಾಮನಿರ್ದೇಶನ ಮಾಡಿದರು. ಅದೇ ಸಿನಿಮಾಕ್ಕೆ ಬ್ರಿಟನ್ನಿನ ಬಾಫ್ಟಾ ಸಿನಿಮಾ ಪ್ರಶಸ್ತಿಯಲ್ಲಿ ವಸ್ತ್ರ ವಿನ್ಯಾಸ, ಸೆಟ್, ಸಂಗೀತ ಮೂರಕ್ಕೂ ನಾಮನಿರ್ದೇಶನ. ಅಭಿಪ್ರಾಯ ಎರಡಾಗಿದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

[ನಿರೂಪಣೆ ಮುಂದುವರಿಕೆ. ತೆರೆಯ ಮೇಲೆ ಖಾಲಿ ಸೆಟ್ಟಿನ ರೇಖಾಚಿತ್ರ.]

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇದು ತಮಾಷೆ ಅಂತ ಮಾಡಿದ್ದಾ, ಇಲ್ಲ ಹಾಗೆ ಆಯಿತಾ?

ಚಿತ್ರಕಥೆ ಬರೆದ ಲೊರೆಂಜೊ ಸೆಂಪಲ್ 1966ರ ಬ್ಯಾಟ್‌ಮನ್ ಟಿವಿ ಸರಣಿಯನ್ನು ರೂಪಿಸಿದವರು. ಅದರಲ್ಲಿ ಹೊಡೆತ ಬಿದ್ದಾಗ ತೆರೆಯ ಮೇಲೆ ಅಕ್ಷರಗಳು ಹಾರುತ್ತಿದ್ದವು. ಹಾಗಾಗಿ ಅವರಿಗೆ ತಮಾಷೆ ಗೊತ್ತಿತ್ತು. ಆದರೆ ಅವರೇ ಆಮೇಲೆ, ಇದನ್ನು ಹಾಸ್ಯ ಮಾಡಿದ್ದು ದೊಡ್ಡ ತಪ್ಪಾಯಿತು ಅಂತ ಹೇಳಿಕೊಂಡರು. ಬರೆದವರೇ ವಿರೋಧ ಪಕ್ಷಕ್ಕೆ ಸೇರಿಬಿಟ್ಟರು! ಹಾಜಸ್ ಅದಕ್ಕೆ ಮೊದಲು ಮಾಡಿ ಹೆಸರಾಗಿದ್ದು "ಗೆಟ್ ಕಾರ್ಟರ್", ಬಿಗಿಯಾದ, ಕಠೋರವಾದ ಗೂಂಡಾ ಕಥೆ. ಕಾಮಿಕ್ಸ್ ಅವರ ದಾರಿಯೇ ಅಲ್ಲ. ಮೊದಲು ಈ ಕೆಲಸ ಇದ್ದದ್ದು ನಿಕೋಲಸ್ ರೋಗ್ ಅವರ ಕೈಯಲ್ಲಿ. ಇನ್ನು ಡಿ ಲಾರೆಂಟಿಸ್. ಆ ದಿನದ ಚಿತ್ರೀಕರಣವನ್ನು ಹಾಕಿ ನೋಡುವಾಗ ತಂಡದವರು ನಗುತ್ತಿದ್ದರೆ, ಇವರು ಯಾಕೆ ನಗ್ತಿದ್ದಾರೆ ಅಂತ ನಿರ್ಮಾಪಕರಿಗೆ ಅರ್ಥವಾಗುತ್ತಿರಲಿಲ್ಲ ಎಂದು ಹಾಜಸ್ ನೆನಪಿಸಿಕೊಂಡಿದ್ದಾರೆ.

ಅಂದರೆ ಸಾಂಟಾಗ್ ಹೇಳಿದ ಎರಡೂ ಥರ ಒಂದೇ ಸೆಟ್ಟಿನಲ್ಲಿ ನಡೆಯುತ್ತಿತ್ತು. ಕೆಲವರು ಬೇಕು ಅಂತ ಮಾಡುತ್ತಿದ್ದರು, ಕೆಲವರಿಗೆ ಗೊತ್ತೇ ಇರಲಿಲ್ಲ. ಪ್ರೇಕ್ಷಕರು ಎರಡು ಭಾಗ ಆಗಿದ್ದು ಥಿಯೇಟರಿನಲ್ಲಲ್ಲ. ಸಿನಿಮಾ ಮಾಡುವಾಗಲೇ ಒಳಗೆ ಎರಡು ಭಾಗ ಇತ್ತು.

ಡೇಲ್ ಒಂದು ಕಡೆ ಹೇಳುತ್ತಾಳೆ: ಫ್ಲ್ಯಾಶ್, ನಿನ್ನನ್ನು ಪ್ರೀತಿಸ್ತೀನಿ, ಆದರೆ ಭೂಮಿಯನ್ನು ಉಳಿಸೋಕೆ ನಮಗೆ ಹದಿನಾಲ್ಕೇ ಗಂಟೆ ಇದೆ. ಆ ಪಾತ್ರ ಮಾಡಿದ ಮೆಲೊಡಿ ಆ್ಯಂಡರ್ಸನ್ ಇದನ್ನು ಪೂರ್ತಿ ಆತಂಕದಿಂದ ಹೇಳುತ್ತಾರೆ. ಇದು ಜೋಕಾ? ನಾನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಬೇರೆ ಉತ್ತರ.

ಈ ಎರಡೂ ಪಕ್ಷ ಒಪ್ಪುವ ಒಂದು ವಿಷಯ ಇದೆ, ಸಂಗೀತ. ಬ್ರಿಟನ್ನಿನ ರಾಕ್ ಬ್ಯಾಂಡ್ ಕ್ವೀನ್. ಶೀರ್ಷಿಕೆ ಗೀತೆ ಬರೆದವರು ಅದರ ಗಿಟಾರ್ ವಾದಕ ಬ್ರಯನ್ ಮೇ. ಆ ಡ್ರಮ್ಮು, ಆಮೇಲೆ ನಾಯಕನ ಹೆಸರನ್ನೇ ಒಂದು ಕೂಗು, ಹಿಂದೆಯೇ ಆಲಾಪ. ಸಿನಿಮಾ ನೋಡದವರಿಗೂ ಗೊತ್ತು.

ಅಮೆರಿಕದಲ್ಲಿ ಇದರ ಗಳಿಕೆ ಸುಮಾರು 2.7 ಕೋಟಿ ಡಾಲರ್. ಹಾಕಿದ ದುಡ್ಡು ನೋಡಿದರೆ ಅದೇನೂ ದೊಡ್ಡ ಗೆಲುವಲ್ಲ. ಬ್ರಿಟನ್ನಿನಲ್ಲಿ ಮಾತ್ರ ಚೆನ್ನಾಗಿ ಓಡಿತು. ಟಿವಿ, ವಿಡಿಯೋ ಟೇಪಿನಲ್ಲಿ ನೋಡಿದ ಮಕ್ಕಳು ದೊಡ್ಡವರಾಗಿ ಇದನ್ನು ಕಲ್ಟ್, ಅಂದರೆ ಅಭಿಮಾನಿಗಳು ತಲೆ ಮೇಲೆ ಹೊತ್ತು ಮೆರೆಸುವ ಸಿನಿಮಾ, ಮಾಡಿದರು. 2012ರ "ಟೆಡ್" ಸಿನಿಮಾದಲ್ಲಿ ಜೋನ್ಸ್ ಸ್ವತಃ ಜೋನ್ಸ್ ಆಗಿಯೇ ಬರುತ್ತಾರೆ, ಇಬ್ಬರು ಅಭಿಮಾನಿಗಳ ದೇವರಾಗಿ.

[ಸಂಗೀತ ನಿಲ್ಲುತ್ತದೆ.]

ಇಲ್ಲಿಯವರೆಗೆ ತಮಾಷೆ. ಇನ್ನೊಂದು ಆಕ್ಷೇಪ ಇದೆ, ಅದನ್ನು ನಗುತ್ತಾ ದಾಟೋಕೆ ಆಗಲ್ಲ.

ಮಿಂಗ್ ಎಂಬ ಹೆಸರು. ಇಳಿಬಿದ್ದ ತೆಳು ಮೀಸೆ. ಉದ್ದ ಉಗುರು. ಇದು 1930ರ ದಶಕದ ಅಮೆರಿಕದ ಭಯ: ಪೂರ್ವದಿಂದ ಹಳದಿ ಜನ ಬಂದು ನಮ್ಮನ್ನು ಆಳ್ತಾರೆ ಅನ್ನೋ ಭಯ. ಆ ಕಾಲದ ಕಾಮಿಕ್ಸ್, ಅಗ್ಗದ ಕಾದಂಬರಿಗಳಲ್ಲಿ ಇಂಥ ಖಳರು ಎಷ್ಟೋ ಜನ. 1980ರ ಸಿನಿಮಾ ಅದನ್ನು ಹಾಗೇ ಎತ್ತಿಕೊಂಡಿತು, ಅದೂ ಬಿಳಿಯ ನಟನ ಮುಖಕ್ಕೆ ಮೇಕಪ್ ಹಾಕಿ. 40 ವರ್ಷದ ನಂತರ, 2020ರಲ್ಲಿ, ಹೊಸದಾಗಿ ಶುಚಿಗೊಳಿಸಿದ ಪ್ರತಿ ಬಂದಾಗ ಬ್ರಿಟನ್ನಿನ ಸೆನ್ಸಾರ್ ಮಂಡಳಿ 12ಎ ಕೊಟ್ಟು (ಅಂದರೆ 12 ವರ್ಷದೊಳಗಿನ ಮಕ್ಕಳು ಥಿಯೇಟರಿಗೆ ದೊಡ್ಡವರ ಜೊತೆಗೇ ಬರಬೇಕು), ತಾರತಮ್ಯದ ಚಿತ್ರಣ ಇದೆ ಅಂತ ಎಚ್ಚರಿಕೆ ಸೇರಿಸಿತು. ಅಭಿಮಾನಿಗಳಲ್ಲಿ ಕೆಲವರಿಗೆ ಸಿಟ್ಟು: "ಇದೆಲ್ಲ ಸುಮ್ನೆ ತಮಾಷೆ, ಯಾರು ಸೀರಿಯಸ್ಸಾಗಿ ತಗೋತಾರೆ?"

ಈ ವಾದ ನನಗೆ ಒಪ್ಪಿಗೆಯಿಲ್ಲ. ಕಾಗದದ ಬೆಟ್ಟವನ್ನು ನೋಡಿ ನಗಬಹುದು, ಬೆಟ್ಟಕ್ಕೆ ನೋವಾಗಲ್ಲ. ಶಾಲೆಯಲ್ಲಿ "ಏ ಮಿಂಗ್" ಅಂತ ಕರೆಸಿಕೊಂಡ ಮಗುವಿಗೆ ಅದು ತಮಾಷೆಯಾಗಿರುವುದಿಲ್ಲ, ಅಲ್ವಾ? ಎಚ್ಚರಿಕೆಯ ಒಂದು ಸಾಲಿನಿಂದ ನನ್ನ ನಗು ಕಡಿಮೆಯಾಗಲಿಲ್ಲ. ಆದರೆ ಮಿಂಗ್ ಬಂದಾಗ ಸಿಡೋ ಅವರ ನಟನೆಯನ್ನು ಮೆಚ್ಚುತ್ತಲೇ ಆ ಮೀಸೆ ಕಣ್ಣಿಗೆ ಚುಚ್ಚುತ್ತದೆ. ಎರಡೂ ಒಟ್ಟಿಗೇ ಆಗುತ್ತೆ, ಏನು ಮಾಡೋದು.

[ತೆರೆಯ ಮೇಲೆ: ಕಪ್ಪು. ನಿಧಾನವಾಗಿ ಒಂದು ಬಟನ್ ಬೆಳಗುತ್ತದೆ.]

ನೋಡಬೇಕಾ ಬೇಡವಾ ಅಂತ ಕೇಳಿದರೆ, 111 ನಿಮಿಷ ಎತ್ತಿಡುವ ಅಗತ್ಯ ಇಲ್ಲ. ಮೊದಲ ಮೂರು ನಿಮಿಷ ನೋಡಿ ಸಾಕು. ಮಿಂಗ್‌ಗೆ ಬೇಜಾರಾಗಿದೆ. ಆಟವಾಡಲು ಭೂಮಿ ಸಿಕ್ಕಿದೆ. ಅವನ ಮುಂದೆ ಬಟನ್‌ಗಳ ಒಂದು ಹಲಗೆ. ಒಂದೊಂದರ ಮೇಲೂ ಒಂದೊಂದು ಅನಾಹುತದ ಹೆಸರು, ಲಿಫ್ಟಿನಲ್ಲಿ ಮಹಡಿಯ ನಂಬರ್ ಇದ್ದ ಹಾಗೆ. ಭೂಕಂಪಕ್ಕೆ ಒಂದು ಬಟನ್. ಇನ್ನೊಂದರ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ, "ಹಾಟ್ ಹೇಲ್". ಬಿಸಿ ಆಲಿಕಲ್ಲು. ಬಿಸಿ ಇದ್ದರೆ ಅದು ಆಲಿಕಲ್ಲು ಹೇಗಾಯಿತು, ಮಿಂಗ್ ಗ್ರಹದಲ್ಲಿ ಬಟನ್ ಮೇಲೆ ಇಂಗ್ಲಿಷ್ ಯಾಕಿದೆ, ಯಾರೂ ಹೇಳುವುದಿಲ್ಲ. ಉಂಗುರ ತೊಟ್ಟ ಕೈ ಬಂದು ಒತ್ತುತ್ತದೆ.

ಆಗ ನಿಮಗೆ ನಗು ಬಂದರೆ ಕುಳಿತುಕೊಳ್ಳಿ. ಬರದಿದ್ದರೆ ಅಡುಗೆಮನೆಗೆ ಹೋಗಿ, ನಮ್ಮ ಭಾವ ಅಲ್ಲಿದ್ದಾರೆ, ಟೀ ರೆಡಿ ಇದೆ.