ಇಂಜಿನ್ ತಣ್ಣಗಿದೆಯಾ, ಮುಟ್ಟಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಕಳೆದ ವಾರ ಸುಂಟಿಕೊಪ್ಪದ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹುಡುಗ ನನ್ನ ಗಾಡಿಗೆ ಎರಡು ಸುತ್ತು ಬಂದ. "ಅಂಕಲ್, ಇದು ಯೆಜ್ಡಿ ಅಲ್ವಾ? ನಂಗೂ ಒಂದು ಹಳೇ ಬೈಕ್ ಬೇಕು. ಯಾವುದು ತಗೊಳ್ಳಲಿ?" ಅಂದ. ಹಿಂದೆ ಜೀಪಿನವರು ಹಾರ್ನ್ ಹೊಡೆಯುತ್ತಿದ್ದರು, ನಿಂತು ಮಾತಾಡಲು ಆಗಲಿಲ್ಲ. ಅವನಿಗೆ ಹೇಳಬೇಕಿದ್ದದ್ದನ್ನು ಇವತ್ತು ನಿಮಗೆ ಹೇಳುತ್ತೇನೆ.

ಮೊದಲು ನಾನು ಮೋಸಹೋದ ಕತೆ. ನನ್ನ ಮೊದಲ ಹಳೇ ಗಾಡಿಯನ್ನು ಬಣ್ಣ ನೋಡಿ ತಗೊಂಡೆ. ಕಡುಗೆಂಪು ಟ್ಯಾಂಕು, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕ್ರೋಮ್. ಮಾರಿದವರು ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸಿದರು. ಜೂನ್‌ನಲ್ಲಿ ಮಳೆ ಹಿಡಿಯಿತು. ಎರಡೇ ವಾರ, ಟ್ಯಾಂಕಿನ ಅಡಿಯಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಉಗುರಲ್ಲಿ ಕೆರೆದರೆ ಒಳಗೆ ತಗಡೇ ಇಲ್ಲ, ಬರೀ ಪುಟ್ಟಿ. ಬೆಳಿಗ್ಗೆ ಇಪ್ಪತ್ತು ಸಲ ಕಿಕ್ ಹೊಡೆದರೂ ಗಾಡಿಗೆ ಉಸಿರಿಲ್ಲ. ನಾನು ನೋಡಲು ಹೋಗುವ ಮೊದಲೇ ಅವರು ಇಂಜಿನ್ ಬಿಸಿ ಮಾಡಿ ಇಟ್ಟಿದ್ದರು ಅಂತ ಆಮೇಲೆ ಹೊಳೆಯಿತು.

ಅದಕ್ಕೇ ಹೋದ ಕೂಡಲೇ ಸಿಲಿಂಡರ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ, "ಕಾಫಿ ಕುಡಿದು ಬರುತ್ತೇನೆ" ಅಂತ ಹೇಳಿ ಎರಡು ಗಂಟೆ ಬಿಟ್ಟು ಬನ್ನಿ. ಇನ್ನೊಂದು, ಮಳೆಗಾಲದಲ್ಲೇ ನೋಡಲು ಹೋಗಿ. ಕಕ್ಕಡದ, ಅಂದರೆ ನಮ್ಮ ಕೊಡಗಿನ ಜೋರು ಮಳೆ ತಿಂಗಳ, ಥಂಡಿಯಲ್ಲಿ ನಾಲ್ಕನೇ ಕಿಕ್ಕಿಗೆ ಎದ್ದ ಗಾಡಿ ಬೇಸಿಗೆಯಲ್ಲಿ ನಿಮ್ಮ ಮಾತು ಕೇಳುತ್ತದೆ.

ಇನ್ನು ಯಾವ ಗಾಡಿ? ಯಮಹಾದ ಆರ್‌ಡಿ 350 ಕನಸಿನ ಗಾಡಿ, ಒಪ್ಪುತ್ತೇನೆ. ಅದರ ಪಾರ್ಟ್ಸ್ ಹುಡುಕುವುದರಲ್ಲೇ ನಿಮ್ಮ ಕಾಫಿ ದುಡ್ಡು ಕರಗುತ್ತದೆ. ಬುಲೆಟ್ ಮದ್ರಾಸಿನಲ್ಲಿ 1955ರಿಂದ ತಯಾರಾಗುತ್ತಿದೆ, ಸಾಮಾನು ಎಲ್ಲ ಕಡೆ ಸಿಗುತ್ತದೆ. ಆದರೆ ಹಳೇ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಈಗಿನ ಗಾಡಿಗೆ ಒಗ್ಗಿದ ಕಾಲು ಘಾಟಿಯ ತಿರುವಿನಲ್ಲಿ ಗಾಬರಿಯಾದರೆ ಬ್ರೇಕ್ ಅಂತ ಗೇರ್ ಒತ್ತುತ್ತದೆ.

ನನ್ನ ಓಟು ಜಾವಾ, ಯೆಜ್ಡಿಗೆ. ಅಭಿಮಾನ ಇದ್ದೇ ಇದೆ, ಮೈಸೂರಿನಲ್ಲಿ ಹುಟ್ಟಿದ ಗಾಡಿ. ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರ ಸುಮಾರಿಗೆ ಶುರುವಾದ ಕೆಲಸ 1996ರಲ್ಲಿ ನಿಂತಿತು. ಆದರೆ ಆ ಇಂಜಿನ್ ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿಗಳು ಮೈಸೂರಿನಲ್ಲಿ ಇನ್ನೂ ಇದ್ದಾರೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಹಳೇ ಗಾಡಿ ತಗೊಳ್ಳುವವರು ಇಂಜಿನ್ ನೋಡುವ ಮೊದಲು ಮೇಸ್ತ್ರಿ ಎಲ್ಲಿದ್ದಾರೆ ಅಂತ ನೋಡಬೇಕು.

ಯೆಜ್ಡಿಯ ಕಿಕ್ಕರ್ ಒಂದು ಮಜಾ. ಕಿಕ್ಕರ್, ಗೇರ್ ಎರಡೂ ಒಂದೇ ಸಲಾಕೆ. ಒಳಗೆ ಒತ್ತಿ ಮೇಲಕ್ಕೆತ್ತಿದರೆ ಕಿಕ್ಕರ್, ಮುಂದಕ್ಕೆ ಇಳಿಸಿದರೆ ಗೇರ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ಟೂ ಸ್ಟ್ರೋಕ್ ಅಲ್ವಾ, ಪೆಟ್ರೋಲಿನ ಜೊತೆ ಆಯಿಲೂ ಉರಿಯುವ ಇಂಜಿನ್, ಮೊದಲು ಹೊಗೆ ಬಂದೇ ಬರುತ್ತದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಿಡುತ್ತಿದ್ದರೆ, ಗೇರ್ ಆಯಿಲ್ ಮಟ್ಟವೂ ಇಳಿಯುತ್ತಿದ್ದರೆ, ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಆಯಿಲ್ ಸೀಲ್ ಹೋಗಿದೆ ಅಂತ ಅನುಮಾನಪಡಿ. ಇಂಜಿನ್ ತಳದಿಂದ ಟಕಟಕ ಸದ್ದು ಬಂದರೆ ಕ್ರ್ಯಾಂಕಿಗೆ ಪಿಸ್ಟನ್ ರಾಡ್ ಸೇರುವ ಕಡೆಯ ಬಿಗ್ ಎಂಡ್ ಬೇರಿಂಗ್ ಸವೆದಿರಬಹುದು. ಈ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ, ಮತ್ತೆ ನೇರ ಕೂರಿಸಬೇಕು. ಮನೆಯ ಷೆಡ್ಡಿನಲ್ಲಿ ಸುತ್ತಿಗೆ ಹಿಡಿದು ಮಾಡುವ ಕೆಲಸ ಅಲ್ಲ. ಆ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಿ.

ಕಾಗದದ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್, ಇಂಜಿನ್ ನಂಬರ್ ಗಾಡಿಯ ಮೇಲೂ ಅದೇ ಇರಬೇಕು. ಗ್ರೀಸ್ ಒರೆಸಿ, ಟಾರ್ಚ್ ಹಿಡಿದು ಒಂದೊಂದೇ ಅಂಕಿ ಓದಿ. ನಮ್ಮ ಕಡೆ ತೋಟದ ಷೆಡ್ಡಿನಲ್ಲಿ ಸಿಗುವ ಗಾಡಿ ಎಷ್ಟೋ ಸಲ ತೀರಿಹೋದ ತಾತನ ಹೆಸರಲ್ಲೇ ಇರುತ್ತದೆ. ಮೊದಲು ಅದು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಫಾರಂ 31. ಮಾರಾಟಕ್ಕೆ 29 ಮತ್ತು 30. "ಆಮೇಲೆ ಮಾಡಿಕೊಡ್ತೇವೆ" ಅಂದರೆ ದುಡ್ಡನ್ನೂ ಆಮೇಲೆ ಕೊಡಿ.

ಇನ್ನೊಂದು ಗೊಂದಲ ಇದೆ. 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಲು 2021ರಲ್ಲಿ ನಿಯಮ ಬಂದಿದೆ. ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ಕೇಳಲು ಚೆಂದ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಕುಶಾಲನಗರ ಸಂತೆಗೆ ಹೋಗಿಬರುವ ಆಸೆ ಇದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಳ್ಳಿ.

ಗಾಡಿ ಮನೆಗೆ ಬಂತು ಅನ್ನಿ. ಯೆಜ್ಡಿಯಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ನಾನು ಲೀಟರಿಗೆ 40 ಎಂಎಲ್ ಹಾಕುತ್ತೇನೆ. ಇಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಗೇ ಅನ್ನುವುದನ್ನು ಘಾಟಿ ಇಳಿಯುವಾಗ ಮರೆಯಬಾರದು. ಸಂಪಾಜೆ ಘಾಟಿಯಲ್ಲಿ ಎಕ್ಸಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ತುಂಬಾ ಹೊತ್ತು ಇಳಿದರೆ ಪೆಟ್ರೋಲ್ ಹೋಗುವುದಿಲ್ಲ, ಆಯಿಲೂ ಹೋಗುವುದಿಲ್ಲ. ಪಿಸ್ಟನ್ ಸೀಜ್ ಆಗಬಹುದು, ಅಂದರೆ ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಲ್ಲಬಹುದು. ಆಗಾಗ ಒಂದು ಸ್ವಲ್ಪ ಎಕ್ಸಲರೇಟರ್ ಕೊಡುತ್ತಾ ಇಳಿಯಬೇಕು. ಬ್ರೇಕ್ ಡ್ರಮ್ಮಿನದ್ದು, ನೀರು ಹೊಕ್ಕರೆ ಹಿಡಿಯುವುದಿಲ್ಲ. ಮಳೆಯಲ್ಲಿ ತಿರುವಿಗೆ ಮುಂಚೆಯೇ ಹಗುರವಾಗಿ ಒತ್ತಿ ಒಣಗಿಸಿಕೊಳ್ಳುತ್ತೇನೆ.

ಮಡಿಕೇರಿ ಸುಮಾರು 3,800 ಅಡಿ ಎತ್ತರದಲ್ಲಿದೆ. ಗಾಳಿ ತೆಳು, ಹಾಗಾಗಿ ಮೈಸೂರಿನಲ್ಲಿ ಸರಿಯಾಗಿ ಕೂರಿಸಿದ ಕಾರ್ಬ್ಯುರೇಟರ್, ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ, ಇಲ್ಲಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಪ್ಲಗ್ ಕಪ್ಪಾಗುತ್ತಿದ್ದರೆ ಕಾರ್ಬ್ಯುರೇಟರಿನೊಳಗಿನ ಸೂಜಿಯ, ಅಂದರೆ ನೀಡಲ್‌ನ, ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿ ನೋಡಿ. ನೀಡಲ್ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ.

ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ಗಾಳಿಯಲ್ಲಿನ ನೀರನ್ನು ಹೀರುತ್ತದೆ. ನಮ್ಮ ಜುಲೈ ತಿಂಗಳ ಗಾಳಿಯಲ್ಲಿ ನೀರಿಗೇನು ಬರ? ಹಳೇ ರಬ್ಬರ್ ಪೈಪ್ ಮೆತ್ತಗಾಗುತ್ತದೆ, ಟ್ಯಾಂಕಿನೊಳಗೆ ತುಕ್ಕು. ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಖಾಲಿ ಮಾಡಿ. ಟ್ಯಾಂಕಿನೊಳಗೆ ಆಯಿಲ್ ಸುರಿದು ಅಲ್ಲಾಡಿಸಿಡಿ.

ನಿಲ್ಲಿಸದೆ ದಿನಾ ಓಡಿಸುವವರು ರಾತ್ರಿ ಪೆಟ್ರೋಲ್ ಟ್ಯಾಪ್ ಮುಚ್ಚಲು ಮರೆಯಬೇಡಿ. ನಾನು ಹೋದ ವರ್ಷ ಒಂದು ರಾತ್ರಿ ಮರೆತೆ. ಬೆಳಿಗ್ಗೆ ಷೆಡ್ ತುಂಬಾ ಪೆಟ್ರೋಲ್ ವಾಸನೆ. ಪಕ್ಕದಲ್ಲೇ ಒಣಗಿಸಿ ಕಟ್ಟಿಟ್ಟ ಎರಡು ಮೂಟೆ ಕರಿಮೆಣಸು. ನಮ್ಮ ಮನೆಯವರು ಒಂದು ಹಿಡಿ ಮೆಣಸು ತೆಗೆದು ಮೂಸಿ, ನನ್ನ ಕೈಗೆ ಕೊಟ್ಟು, "ಇದನ್ನೂ ಲೀಟರಿಗೆ ಎಷ್ಟು ಅಂತ ಬೆರೆಸಿಕೊಳ್ಳಿ" ಅಂತ ಒಳಗೆ ಹೋದರು.

ನಮಸ್ಕಾರ.