ಮುಂಜಾನೆಯ ಸೀನು, ಸೆರಗಿನಲ್ಲಿದ್ದ ಬಾಟಲಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಭತ್ತದ ಕಟಾವು ಶುರುವಾದರೆ ಸಾಕು, ನಮ್ಮ ರಾಯಚೂರಿನ ದವಾಖಾನೆಯ ಬೆಂಚಿನ ಮೇಲೆ ಸೀನುವವರ ಸಾಲು ಬೆಳೆಯುತ್ತದೆ. ಸಿಂಧನೂರು, ಮಾನ್ವಿ ಕಡೆಯಿಂದ ಬಂದವರ ಬಾಯಲ್ಲಿ ಒಂದೇ ಮಾತು, "ಸೈನಸ್ ಆಗೇದ್ರಿ." ಹೋದ ಹಂಗಾಮಿನಲ್ಲಿ ಅಕ್ಕಿ ಗಿರಣಿಯಲ್ಲಿ ದುಡಿಯುವ ಒಬ್ಬ ತಾಯಿ ಬಂದಿದ್ದರು. ಸೆರಗಿನ ಗಂಟು ಬಿಚ್ಚಿ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟರು. ಮೂಗಿಗೆ ಬಿಟ್ಟುಕೊಳ್ಳುವ ಹನಿ. ಬೆವರಿಗೆ ಅದರ ಅಕ್ಷರವೆಲ್ಲ ಅಳಿಸಿಹೋಗಿತ್ತು. "ಇದಿಲ್ದ ನಿದ್ದಿ ಬರಂಗಿಲ್ರಿ ಡಾಕ್ಟ್ರೆ, ಎಂಟು ತಿಂಗಳಾತು" ಎಂದರು.

ಆ ಬಾಟಲಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು ಸೈನಸ್ ಎಂದರೇನು ಹೇಳಿಬಿಡುತ್ತೇನೆ. ಅದು ರೋಗದ ಹೆಸರಲ್ಲ. ಹಣೆ, ಕೆನ್ನೆ, ಕಣ್ಣುಗಳ ನಡುವೆ ಮತ್ತು ಅದರ ಹಿಂದೆ, ಎಲುಬಿನೊಳಗೆ ನಾಲ್ಕು ಜೊತೆ ಗಾಳಿಗೂಡುಗಳಿವೆ. ಅವು ಎಲ್ಲರಿಗೂ ಇರುತ್ತವೆ. ಅವುಗಳ ಸಣ್ಣ ಕಿಂಡಿಗಳು ಮೂಗಿನೊಳಕ್ಕೆ ತೆರೆದುಕೊಳ್ಳುತ್ತವೆ. ಮೂಗಿನ ಒಳಪೊರೆ ಬಾತರೆ ಕಿಂಡಿ ಮುಚ್ಚುತ್ತದೆ, ಒಳಗಿನ ಸಿಂಬಳ ಅಲ್ಲೇ ನಿಲ್ಲುತ್ತದೆ, ಮುಖ ಭಾರವಾಗುತ್ತದೆ. ಹಾಗಾಗಿ ಬಹಳಷ್ಟು ಜನರಲ್ಲಿ ನೋಡಬೇಕಾದದ್ದು ಮೂಗನ್ನು.

ಎದ್ದ ಕೂಡಲೇ ಹತ್ತಿಪ್ಪತ್ತು ಸೀನು, ನೀರಿನಂಥ ಸಿಂಬಳ, ಮೂಗು, ಕಣ್ಣು, ಬಾಯಿಯ ಅಂಗುಳಿನಲ್ಲಿ ತುರಿಕೆ, ಮೈ ಬಿಸಿ ಮಾತ್ರ ಇಲ್ಲ. ಇದು ಅಲರ್ಜಿಯ ಲಕ್ಷಣ. ಜ್ವರ, ಮೈಕೈ ನೋವಿನೊಂದಿಗೆ ಬಂದು ವಾರ ಹತ್ತು ದಿನದಲ್ಲಿ ಇಳಿದರೆ ಅದು ವೈರಸ್ಸಿನ ನೆಗಡಿ. ಹತ್ತು ದಿನ ದಾಟಿಯೂ ಕಡಿಮೆಯಾಗದೆ, ಅಥವಾ ಕಡಿಮೆಯಾಗಿ ಮತ್ತೆ ಜೋರಾಗಿ, ಗಟ್ಟಿ ಸಿಂಬಳ, ಕೆನ್ನೆ ನೋವು ಇದ್ದರೆ ಮಾತ್ರ ಬ್ಯಾಕ್ಟೀರಿಯಾದ ಸೋಂಕೆಂದು ಅನುಮಾನಿಸುತ್ತೇವೆ. ಸಿಂಬಳ ಹಳದಿಯಾಯಿತೆಂದು ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗುವುದು ತಪ್ಪು. ಬರಿಯ ಬಣ್ಣದಿಂದ ಏನನ್ನೂ ಹೇಳಲಾಗದು.

ನಮ್ಮ ಸೀಮೆಯಲ್ಲಿ ಮೂಗು ಕೆರಳಿಸುವ ವಸ್ತುಗಳಿಗೆ ಬರವಿಲ್ಲ. ಭತ್ತದ ಹೊಟ್ಟು, ಹತ್ತಿ ಜಿನ್ನಿಂಗ್ ಮಿಲ್ಲಿನ ಧೂಳು, ಒಣಮೆಣಸಿನಕಾಯಿಯ ಘಾಟು, ವಿದ್ಯುತ್ ಸ್ಥಾವರದ ಹಾರುಬೂದಿ, ಒಲೆಯ ಹೊಗೆ. ಮಳೆಗಾಲದ ಬೆನ್ನಿಗೇ ಹೂ ಬಿಡುವ ಕಾಂಗ್ರೆಸ್ ಕಸದ ಪರಾಗ. ಹೊಲದ ಬದುವಿನಲ್ಲಿ, ಕಾಲುವೆ ದಂಡೆಯಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯ ಪರಾಗವೂ ಅಲರ್ಜಿ ತರುವುದೇ. ಹೊರಗಿನ ಈ ಧೂಳನ್ನು ಎಲ್ಲರೂ ಬೈಯುತ್ತಾರೆ, ಹಾಸಿಗೆಯನ್ನು ಯಾರೂ ಅನುಮಾನಿಸುವುದಿಲ್ಲ. ಅಜ್ಜಿ ಹೊಲಿದ ಕೌದಿ ನನಗೂ ಪ್ರೀತಿಯದೇ. ಆದರೆ ಹಳೆ ಸೀರೆ, ಧೋತರ ಪದರ ಪದರವಾಗಿ ಸೇರಿಸಿದ ಅದನ್ನು ವರ್ಷಕ್ಕೊಮ್ಮೆ ಒಗೆದರೆ ಹೆಚ್ಚು. ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಧೂಳಿನ ನುಸಿ ಅದರೊಳಗೆ ಮನೆ ಮಾಡುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ರಾತ್ರಿಯಿಡೀ ಆ ಕೌದಿಯಲ್ಲಿ ಮುಖ ಹುದುಗಿಸಿ ಮಲಗಿದವರಿಗೆ ಬೆಳಿಗ್ಗೆ ಸೀನು ಬರದೆ ಇನ್ನೇನಾದೀತು? ಮೂಗಿನ ತೊಂದರೆ ಇದ್ದವರು ಒಗೆಯಲು ಸುಲಭವಾದ ತೆಳು ಹೊದಿಕೆ ಬಳಸಿ. ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ನಮ್ಮೂರ ಬಿಸಿಲಿಗೆ ಹರವಿ. ಗಿರಣಿಯಲ್ಲಿ, ರಾಶಿಯ ಕಣದಲ್ಲಿ ಮುಖಕ್ಕೆ ಟವೆಲ್ ಸುತ್ತಿದರೆ ಸಣ್ಣ ಧೂಳು ನಿಲ್ಲುವುದಿಲ್ಲ, ಎನ್-95 ಮಾಸ್ಕ್ ಹಾಕಿ.

ಈಗ ಆ ಬಾಟಲಿ. ಮೂಗು ಕಟ್ಟಿದಾಗ ಈ ಹನಿ ರಕ್ತನಾಳಗಳನ್ನು ಕುಗ್ಗಿಸಿ ಕೆಲವೇ ನಿಮಿಷದಲ್ಲಿ ದಾರಿ ಬಿಡಿಸುತ್ತದೆ. ಅದರ ಕಸುವು ಇಳಿದಾಗ ಪೊರೆ ಮತ್ತೆ ಬಾಯುತ್ತದೆ. ಐದು ದಿನ ಮೀರಿ ಹಾಕುತ್ತ ಹೋದರೆ ಹನಿಯೇ ಮೂಗು ಕಟ್ಟಿಸತೊಡಗುತ್ತದೆ. ಆ ತಾಯಿಗೆ ಮೊದಲು ಸ್ಟೀರಾಯ್ಡ್ ಸ್ಪ್ರೇ ಕೊಟ್ಟು, ಹನಿಯನ್ನು ಒಂದು ಹೊಳ್ಳೆಗೆ ನಿಲ್ಲಿಸಿ, ಆಮೇಲೆ ಇನ್ನೊಂದಕ್ಕೂ ನಿಲ್ಲಿಸಿದೆವು. ಮೊದಲ ರಾತ್ರಿಗಳು ಕಷ್ಟದವು, ಅದನ್ನು ಮುಂಚೆಯೇ ಹೇಳಿದ್ದೆ. ಒಂದೂವರೆ ತಿಂಗಳ ನಂತರ ಬಂದರು. ಹೊಟ್ಟು ಹಾರಿದ ದಿನ ಸೀನು ಈಗಲೂ ಬರುತ್ತದೆ, ನಿದ್ದೆಗೆ ಮಾತ್ರ ಬಾಟಲಿ ಬೇಕಿಲ್ಲ.

ಸ್ಟೀರಾಯ್ಡ್ ಎಂದೊಡನೆ ಹಲವರು ಬೆಚ್ಚುತ್ತಾರೆ. ಫ್ಲೂಟಿಕಾಸೋನ್, ಮೊಮೆಟಾಸೋನ್ ಸ್ಪ್ರೇಗಳು ಬಹುಪಾಲು ಮೂಗಿನಲ್ಲೇ ಕೆಲಸ ಮಾಡುತ್ತವೆ, ರಕ್ತಕ್ಕೆ ಸೇರುವುದು ತೀರ ಅಲ್ಪ. ನಿಜವಾಗಿ ಹೆದರಬೇಕಾದದ್ದು ಪದೇ ಪದೇ ಚುಚ್ಚಿಸಿಕೊಳ್ಳುವ ಸ್ಟೀರಾಯ್ಡ್ ಸೂಜಿಗೆ. ಅದು ಸಕ್ಕರೆ ಏರಿಸುತ್ತದೆ, ಎಲುಬು ಸವೆಸುತ್ತದೆ. ಸ್ಪ್ರೇ ಹೊಡೆಯುವಾಗ ತಲೆ ತುಸು ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿಯನ್ನು ಅದೇ ಕಡೆಯ ಕಿವಿಯತ್ತ ತಿರುಗಿಸಿ. ಮೂಗಿನ ನಡುಗೋಡೆಗೆ ಬಡಿದರೆ ರಕ್ತ ಬರುತ್ತದೆ. ದಿನ ತಪ್ಪಿಸಬೇಡಿ. ಪೂರಾ ಗುಣ ಕಾಣಲು ಎರಡು ವಾರವಾದರೂ ಬೇಕು. ಎರಡೇ ದಿನಕ್ಕೆ "ಇದು ನಡಿಯಂಗಿಲ್ಲ" ಎಂದು ಬಿಡುವವರೇ ಜಾಸ್ತಿ, ನನಗೆ ಬೇಸರವಾಗುವುದು ಇಲ್ಲಿ. ಸೀನು, ತುರಿಕೆಗೆ ಸೆಟಿರಿಜಿನ್‌ನಂಥ ಮಾತ್ರೆ ಸಾಕಾಗುತ್ತದೆ. ಕೆಲವರಿಗೆ ಅದರಿಂದ ಮಂಪರು ಬರುತ್ತದೆ, ಟ್ರ್ಯಾಕ್ಟರ್ ಓಡಿಸುವವರು ಜೋಕೆ.

ಉಪ್ಪುನೀರಿನಿಂದ ಮೂಗು ತೊಳೆಯುವುದು ಕಾಸಿಲ್ಲದ ಒಳ್ಳೆಯ ಉಪಾಯ. ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಚಹಾ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ. ಕಾಲುವೆಯ ನೀರನ್ನಾಗಲಿ, ನಳದ ನೀರನ್ನಾಗಲಿ ಕುದಿಸದೆ ಬಳಸಬೇಡಿ. ಮಿದುಳಿಗೆ ಏರಿ ಜೀವ ತೆಗೆಯುವ ಅಮೀಬಾ ಇಂಥ ನೀರಿನಲ್ಲಿರಬಹುದು.

ಹನ್ನೆರಡು ವಾರ ದಾಟಿದ ತೊಂದರೆಗೆ ಮೂಗಿನೊಳಗೆ ದುರ್ಬೀನು (ಎಂಡೋಸ್ಕೋಪ್) ಹಾಕಿ ನೋಡಬೇಕಾಗುತ್ತದೆ. ದುರ್ಮಾಂಸ ಬೆಳೆದಿರಬಹುದು, ನಡುಗೋಡೆ ಸೊಟ್ಟಗಿರಬಹುದು. ಸೀನಿನೊಂದಿಗೆ ಎದೆಯಲ್ಲಿ ಸಿಳ್ಳೆ ಕೇಳಿದರೆ ಅಸ್ತಮಾಕ್ಕೂ ಪರೀಕ್ಷೆ ಮಾಡಿಸಿ. ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಶೇಂಗಾ ಬೀಜವೋ ಮಣಿಯೋ ಒಳಗೆ ಸಿಕ್ಕಿರಬಹುದು, ಮನೆಯಲ್ಲಿ ಕೆದಕಬೇಡಿ. ಕಣ್ಣಿನ ಸುತ್ತ ಬಾವು, ದೃಷ್ಟಿ ಮಂಜು, ಜೋರು ಜ್ವರದೊಂದಿಗೆ ಕತ್ತು ಬಿಗಿಯುವುದು, ಅಥವಾ ಸಕ್ಕರೆ ಕಾಯಿಲೆಯವರ ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ರಾಶಿ ಮುಗಿಯಲಿ ಎಂದು ಕಾಯದೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೊರಡಿ. ನಮಸ್ಕಾರ.