ಬೂನ್ ಮನೆಯ ಸೊಸೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಚರಿತ್ರೆ ಓದಿದವರಿಗೆ ಡೇನಿಯಲ್ ಬೂನ್ ಹೆಸರು ಗೊತ್ತಿರುತ್ತದೆ. ಬೆಟ್ಟ ದಾಟಿ ಕೆಂಟಕಿಗೆ ದಾರಿ ಕಡಿದ ಬೇಟೆಗಾರ. ಆದರೆ ಆ ಮನೆತನದ ಕಥೆ ಓದುತ್ತಾ ಹೋದಾಗ ನನ್ನ ಮನಸ್ಸು ನಿಂತದ್ದು ಆತನ ಹೆಂಡತಿ ರೆಬೆಕ್ಕಾಳ ಹತ್ತಿರ. ಈ ಹೊತ್ತು ಆಕೆಯ ಮಾತು ಜಾಸ್ತಿ ಆಡುತ್ತೇನೆ.

ಬೂನ್ ಮನೆಯವರು ಮೂಲದಲ್ಲಿ ಇಂಗ್ಲೆಂಡಿನ ಡೆವನ್ ಸೀಮೆಯ ನೇಕಾರರು. ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಡೇನಿಯಲ್‌ನ ಅಪ್ಪ ಸ್ಕ್ವೈರ್ ಬೂನ್ 1713ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದ. ಮಗ್ಗವೂ ಇತ್ತು, ಕುಲುಮೆಯೂ ಇತ್ತು. ಹನ್ನೊಂದು ಮಕ್ಕಳು. 1734ರಲ್ಲಿ ಹುಟ್ಟಿದ ಡೇನಿಯಲ್ ಆರನೆಯವನು. ಹಿರಿಯ ಮಗಳು ಪಂಥದ ಹೊರಗಿನವನನ್ನು ಮದುವೆಯಾದಾಗ ಅಪ್ಪ ಸಭೆಯ ಮುಂದೆ ತಪ್ಪೊಪ್ಪಿಕೊಂಡ. ಹಿರಿಯ ಮಗನೂ ಹಾಗೇ ಮಾಡಿದಾಗ ಮಾತ್ರ ಮಗನ ಪರ ನಿಂತ. 1748ರಲ್ಲಿ ಸ್ಕ್ವೈರ್‌ನನ್ನು ಸಭೆಯಿಂದ ಹೊರಗಿಟ್ಟರು. ಇಂಥದ್ದು ನಮ್ಮ ಊರುಗಳಲ್ಲೂ ನಡೆದದ್ದೇ, ಅಲ್ವಾ? 1750ರಲ್ಲಿ ಮನೆಮಂದಿಯೆಲ್ಲ ಜಮೀನು ಮಾರಿ ದಕ್ಷಿಣದ ಕಡೆ ಹೊರಟರು. ಉತ್ತರ ಕೆರೊಲಿನಾದ ಯಾಡ್ಕಿನ್ ಕಣಿವೆಯಲ್ಲಿ ನೆಲೆ ನಿಂತರು.

ಅಲ್ಲಿನ ಬ್ರಯನ್ ಮನೆತನದ ಹುಡುಗಿ ರೆಬೆಕ್ಕಾ. 1756ರ ಆಗಸ್ಟ್ 14ರಂದು ಮದುವೆ. ಆಕೆಗೆ 17, ಆತನಿಗೆ 21. ತಬ್ಬಲಿಯಾಗಿದ್ದ ಭಾವನ ಇಬ್ಬರು ಮಕ್ಕಳನ್ನು ಮದುವೆಯಾದ ಕೂಡಲೇ ಮಡಿಲಿಗೆ ಹಾಕಿಕೊಂಡಳು. ಮುಂದೆ ಆಕೆಯದೇ ಹತ್ತು ಮಕ್ಕಳು. ಗಂಡ ಜಿಂಕೆ ಚರ್ಮಕ್ಕೆಂದು ಕಾಡಿಗೆ ಹೋದರೆ ತಿಂಗಳುಗಟ್ಟಲೆ ಸುದ್ದಿ ಇಲ್ಲ. 1769ರ ಮೇ ತಿಂಗಳಲ್ಲಿ ಕೆಂಟಕಿಗೆ ಹೊರಟವನು ತಿರುಗಿ ಬಂದದ್ದು 1771ರಲ್ಲಿ. ಬಿತ್ತನೆ, ಕೊಯ್ಲು, ದನಕರು, ಸಾಲ ಕೊಟ್ಟವರ ಕಾಟ ಎಲ್ಲವೂ ಆಕೆಯ ತಲೆಯ ಮೇಲೇ.

1773ರಲ್ಲಿ ಕೆಲವು ಕುಟುಂಬಗಳ ಜೊತೆ ಕೆಂಟಕಿಗೇ ಹೋಗಿ ನೆಲೆಸೋಣ ಎಂದು ಹೊರಟರು. ಆ ನೆಲ ಖಾಲಿ ಬಿದ್ದಿರಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಶಾನಿ, ಚೆರೋಕಿ ಜನ ಬೇಟೆಯಾಡಿ ಬದುಕುತ್ತಿದ್ದ ನೆಲ ಅದು. ಬಂದವರು ತಂಗುವುದಕ್ಕಲ್ಲ, ಬೇರೂರುವುದಕ್ಕೆ ಬಂದಿದ್ದಾರೆ ಎಂದು ಅವರಿಗೆ ಗೊತ್ತಿತ್ತು. ಅಕ್ಟೋಬರ್ 10ರ ಬೆಳಗಿನ ಜಾವ ದಾಳಿ ಆಯಿತು. ಸಾಮಾನು ತರಲು ಹೋಗಿ ಹಿಂದೆ ಉಳಿದಿದ್ದ ಹಿರಿಯ ಮಗ ಜೇಮ್ಸ್ ಸತ್ತ. ಅವನಿಗೆ ಹದಿನಾರು. ಅಲ್ಲಿ ನಡೆದ ಚಿತ್ರಹಿಂಸೆ ಹೊರಗೆ ಬಂದದ್ದು ಅಡಗಿ ಕೂತು ಬದುಕಿದ ಆಡಂ ಎಂಬ ಗುಲಾಮನ ಬಾಯಿಂದ. ಮಗನ ಹೆಣ ಸುತ್ತಲು ರೆಬೆಕ್ಕಾ ಹಾಸಿಗೆಯ ಬಟ್ಟೆ ಕೊಟ್ಟು ಕಳಿಸಿದಳು. ಆ ಪ್ರಯಾಣ ಅಲ್ಲಿಗೇ ಮುರಿದುಬಿತ್ತು. ಇದನ್ನು ಓದಿದ ದಿನ ನನಗೆ ಮುಂದಿನ ಪುಟ ತಿರುಗಿಸಲು ಆಗಲಿಲ್ಲ.

ಆದರೂ 1775ರಲ್ಲಿ ಆಕೆ ಮತ್ತೆ ಗಂಟುಮೂಟೆ ಕಟ್ಟಿದಳು. ಕೆಂಟಕಿ ಹೊಳೆಯ ದಡದಲ್ಲಿ ಬೂನ್ಸ್‌ಬರೋ ಎಂಬ ಹೊಸ ಕೋಟೆ. ಮರುವರ್ಷ ಜುಲೈ 14, ಭಾನುವಾರ. ಮಗಳು ಜೆಮೈಮಾ ಇಬ್ಬರು ಗೆಳತಿಯರ ಜೊತೆ ಹೊಳೆಯಲ್ಲಿ ದೋಣಿ ಬಿಟ್ಟಿದ್ದಳು. ಶಾನಿ ಮತ್ತು ಚೆರೋಕಿ ಯೋಧರು ಮೂವರನ್ನೂ ಹಿಡಿದುಕೊಂಡು ಹೋದರು. ಹದಿಮೂರರ ಹುಡುಗಿ ಜೆಮೈಮಾ ಎದೆಗುಂದಲಿಲ್ಲ. ಹುಡುಗಿಯರು ದಾರಿಯುದ್ದಕ್ಕೂ ಕಡ್ಡಿ ಮುರಿದರು, ಬಟ್ಟೆಯ ಚೂರು ಹರಿದು ಬೀಳಿಸಿದರು, ಹಿಮ್ಮಡಿ ಒತ್ತಿ ಗುರುತು ಬಿಟ್ಟರು. ಆ ಜಾಡು ಹಿಡಿದ ಅಪ್ಪ ಮೂರನೆಯ ದಿನ ಬಿಡಿಸಿ ತಂದ. ಬಿಡಿಸಲು ಹೋದವರಲ್ಲಿ ಒಬ್ಬನಾದ ಫ್ಲಾಂಡರ್ಸ್ ಕ್ಯಾಲವೇಯನ್ನೇ ಜೆಮೈಮಾ ಮುಂದೆ ಮದುವೆಯಾದಳು.

1778ರ ಫೆಬ್ರವರಿಯಲ್ಲಿ ಕೋಟೆಯವರಿಗೆ ಉಪ್ಪು ಕಾಯಿಸಲು ಹೋದ ಡೇನಿಯಲ್ ಶಾನಿಗಳ ಕೈಗೆ ಸಿಕ್ಕ. ಅವರ ನಾಯಕ ಬ್ಲ್ಯಾಕ್‌ಫಿಶ್ ಅವನನ್ನು ದತ್ತು ತೆಗೆದುಕೊಂಡು ಶೆಲ್ಟೊವೀ, ಅಂದರೆ ದೊಡ್ಡ ಆಮೆ ಎಂದು ಹೆಸರಿಟ್ಟ. ಗಂಡ ಸತ್ತನೆಂದೇ ತಿಳಿದ ರೆಬೆಕ್ಕಾ ಮಕ್ಕಳನ್ನು ಕರೆದುಕೊಂಡು ಬೆಟ್ಟದಾರಿ ಹಿಡಿದು ತವರಿನ ಕಡೆ ಹೋದಳು. ಜೂನ್‌ನಲ್ಲಿ ಆತ ತಪ್ಪಿಸಿಕೊಂಡು ನೂರೈವತ್ತಕ್ಕೂ ಹೆಚ್ಚು ಮೈಲಿ ಹಾದು ಕೋಟೆಗೆ ಬಂದರೆ ಮನೆ ಖಾಲಿ. ಅಪ್ಪ ಬಂದೇ ಬರುತ್ತಾನೆಂದು ಅಲ್ಲೇ ಉಳಿದಿದ್ದವಳು ಜೆಮೈಮಾ ಒಬ್ಬಳೇ. ಆಮೇಲೆ ಶಾನಿಗಳು ಬಂದು ಕೋಟೆಗೆ ಮುತ್ತಿಗೆ ಹಾಕಿದರು. ಅದು ಮುಗಿದ ಮೇಲೆ ಆತ ಹೆಂಡತಿಯನ್ನು ಕರೆಯಲು ಹೋದ. 1779ರಲ್ಲಿ ಆಕೆ ಮತ್ತೆ ಬಂದಳು.

1782ರ ಆಗಸ್ಟ್‌ನಲ್ಲಿ ಕೆಂಟಕಿಯ ಬ್ಲೂ ಲಿಕ್ಸ್ ಎಂಬಲ್ಲಿ ಬ್ರಿಟಿಷರು ಮತ್ತು ಅವರ ಕಡೆಯ ಮೂಲನಿವಾಸಿಗಳ ಜೊತೆ ಕಾಳಗ. ಇನ್ನೊಬ್ಬ ಮಗ ಇಸ್ರೇಲ್ ಅಪ್ಪನ ಕಣ್ಣೆದುರೇ ಬಿದ್ದ.

ಇಷ್ಟೆಲ್ಲ ಕಳೆದುಕೊಂಡು ಹಿಡಿದ ನೆಲವಾದರೂ ಉಳಿಯಿತೇ ಅಂದರೆ, ಅದೂ ಇಲ್ಲ. ಕೆಂಟಕಿಯಲ್ಲಿ ಮೋಜಣಿಯೇ ಅವ್ಯವಸ್ಥೆ. ಒಂದೇ ಜಮೀನಿಗೆ ಮೂರ್ನಾಲ್ಕು ಜನರ ಹಕ್ಕು. ಡೇನಿಯಲ್‌ಗೆ ಕಾಡಿನ ಜಾಡು ತಿಳಿಯುತ್ತಿತ್ತು, ಕಾಗದಪತ್ರದ್ದು ತಿಳಿಯುತ್ತಿರಲಿಲ್ಲ. ವ್ಯಾಜ್ಯದ ಮೇಲೆ ವ್ಯಾಜ್ಯ ಸೋತ. 1799ರಲ್ಲಿ, ಅರವತ್ತರ ರೆಬೆಕ್ಕಾ ಮತ್ತೊಮ್ಮೆ ಮನೆ ಖಾಲಿ ಮಾಡಿದಳು. ಈ ಸಲ ಹೋದದ್ದು ಆಗ ಸ್ಪೇನ್ ದೇಶದವರ ಕೈಲಿದ್ದ ಮಿಸೌರಿಗೆ.

ಇಷ್ಟು ವಿವರ ನಮಗೆ ಸಿಕ್ಕಿರುವುದಕ್ಕೆ ಒಂದು ಕಾರಣವಿದೆ. ಹಳೆಯ ಚರಿತ್ರೆಯ ದಾಖಲೆ ಕೂಡಿಸುತ್ತಿದ್ದ ಲೈಮನ್ ಡ್ರೇಪರ್ ಎಂಬಾತ 1851ರಲ್ಲಿ ರೆಬೆಕ್ಕಾಳ ಕಿರಿಯ ಮಗ ನೇಥನ್ ಮತ್ತು ಸೊಸೆ ಆಲಿವ್ ಅವರನ್ನು ಕೂರಿಸಿಕೊಂಡು, ನೆನಪಿದ್ದದ್ದನ್ನೆಲ್ಲ ಕೇಳಿ ಬರೆದಿಟ್ಟ. ಮನೆಯ ಹಿರಿಯರನ್ನು ಹಾಗೆ ಸಮಾಧಾನವಾಗಿ ಕೇಳಿ ಬರೆದುಕೊಂಡವರ ಮೇಲೆ ನನಗೆ ತುಂಬಾ ಗೌರವ.

ಮೇಪಲ್ ಮರದ ರಸ ಕಾಯಿಸಿ ಸಕ್ಕರೆ ಮಾಡುವುದು ಅಲ್ಲಿನ ವಾಡಿಕೆ. ನಮ್ಮ ಆಲೆಮನೆಯ ಹಾಗೇ ಒಲೆ, ಕೊಪ್ಪರಿಗೆ, ರಾತ್ರಿಯಿಡೀ ಕಾವಲು. 1813ರ ಮಾರ್ಚ್‌ನಲ್ಲಿ ಆ ಕೆಲಸದ ನಡುವೆ ರೆಬೆಕ್ಕಾ ಕಾಯಿಲೆ ಬಿದ್ದಳು. 18ರಂದು ಜೆಮೈಮಾಳ ಮನೆಯಲ್ಲಿ ತೀರಿಕೊಂಡಳು. 1820ರ ಸೆಪ್ಟೆಂಬರ್ 26ರಂದು ಡೇನಿಯಲ್ ಹೋದ. ಆಕೆಯ ಪಕ್ಕದಲ್ಲೇ ಹೂಳಿದರು.

1845ರಲ್ಲಿ ಕೆಂಟಕಿಯವರು ಬಂದು ಇಬ್ಬರ ಗೋರಿಯನ್ನೂ ಅಗೆದರು. ಸಿಕ್ಕ ಎಲುಬುಗಳನ್ನು ಕೆಂಟಕಿಯ ಫ್ರಾಂಕ್‌ಫರ್ಟ್ ಊರಿಗೆ ಒಯ್ದು ಮೆರವಣಿಗೆಯಲ್ಲಿ ಹೂಳಿದರು. ಒಯ್ದದ್ದು ಬೇರೆ ಯಾರದೋ ಎಲುಬು, ಬೂನ್ ಇನ್ನೂ ನಮ್ಮ ಮಣ್ಣಲ್ಲೇ ಇದ್ದಾನೆ ಎಂದು ಮಿಸೌರಿಯ ಕೆಲವರು ಇಂದಿಗೂ ವಾದಿಸುತ್ತಾರೆ. ಫ್ರಾಂಕ್‌ಫರ್ಟಿನ ಸಮಾಧಿಯ ಮೇಲೆ ಕಲ್ಲಿನ ಸ್ಮಾರಕವಿದೆ. ಅದರ ಒಂದು ಮುಖದಲ್ಲಿ ರೆಬೆಕ್ಕಾ ಹಸುವಿನ ಹಾಲು ಕರೆಯುತ್ತಿದ್ದಾಳೆ.

ನಮಸ್ಕಾರ.